ಗೂಡು ಬೇಯಿಸುವ ವಾಸನೆ ನನಗೇಕೆ ಗೊತ್ತಾಗುತ್ತಿಲ್ಲ?

ಪ್ರಶ್ನೆ: ನನ್ನ ತವರು ತಿಪಟೂರು. ಮದುವೆಯಾಗಿ ಶಿಡ್ಲಘಟ್ಟಕ್ಕೆ ಬಂದಾಗ ಪಕ್ಕದ ರೀಲಿಂಗ್ ಯೂನಿಟ್‌ನಲ್ಲಿ ರೇಷ್ಮೆ ಗೂಡು ಬೇಯಿಸುವ ವಾಸನೆಗೆ ಊಟವೇ ಸೇರುತ್ತಿರಲಿಲ್ಲ. ಈಗ ಆ ವಾಸನೆ ಇದೆ ಅಂತಲೇ ಗೊತ್ತಾಗಲ್ಲ. ಆದರೆ ಹಬ್ಬಕ್ಕೆ ತವರಿಗೆ ಹೋಗಿ ಒಂದೆರಡು ವಾರ ಇದ್ದು ಬಂದರೆ, ಬಸ್ ಇಳಿಯುತ್ತಿದ್ದ ಹಾಗೇ ಮೂಗಿಗೆ ಹೊಡೆಯುತ್ತದೆ. ನನ್ನ ಮೂಗು ಕೆಟ್ಟಿದೆಯಾ ಡಾಕ್ಟರೇ?
– ಓದುಗರು, ಶಿಡ್ಲಘಟ್ಟ

ಉತ್ತರ: ಇಲ್ಲ, ಕೆಟ್ಟಿಲ್ಲ. ಊರಿಂದ ಬಂದ ದಿನ ಮೂಗಿಗೆ ಹೊಡೆಯುತ್ತದೆ ಅಂದಿರಲ್ಲ, ಅದರಲ್ಲೇ ಉತ್ತರ ಇದೆ. ನಿಮ್ಮ ಮೂಗು, ಮಿದುಳು ಎರಡೂ ಸೇರಿ ಆ ಒಂದು ವಾಸನೆಯ ಸುದ್ದಿಯನ್ನು ತಗ್ಗಿಸಿವೆ, ಅಷ್ಟೇ.

ಮೂಗಿನ ಒಳಗೆ, ಮೇಲ್ಭಾಗದಲ್ಲಿ, ವಾಸನೆ ಹಿಡಿಯುವ ಲಕ್ಷಾಂತರ ನರಕೋಶಗಳಿವೆ. ಅವುಗಳ ಮೇಲಿನ ರಿಸೆಪ್ಟರ್‌ಗಳು, ಅಂದರೆ ವಾಸನೆಯ ಕಣಗಳನ್ನು ಹಿಡಿಯುವ ಪ್ರೋಟೀನ್‌ಗಳು, ಮನುಷ್ಯರಲ್ಲಿ ಸುಮಾರು 400 ಬಗೆ. ಒಂದು ಕೋಶಕ್ಕೆ ಸಾಮಾನ್ಯವಾಗಿ ಒಂದೇ ಬಗೆ. ಇವುಗಳ ಜೀನ್‌ಗಳನ್ನು 1991ರಲ್ಲಿ ಕಂಡುಹಿಡಿದ ಲಿಂಡಾ ಬಕ್ ಮತ್ತು ರಿಚರ್ಡ್ ಆಕ್ಸೆಲ್‌ಗೆ 2004ರಲ್ಲಿ ನೊಬೆಲ್ ಬಂತು. ಒಂದೇ ಬಗೆಯ ಕೋಶಗಳು ಮೂಗಿನಲ್ಲಿ ಎಲ್ಲೆಲ್ಲೋ ಚದುರಿದ್ದರೂ ಅವುಗಳ ಎಳೆಗಳು ಮಿದುಳಿನ ತಳದಲ್ಲಿರುವ ಆಲ್ಫ್ಯಾಕ್ಟರಿ ಬಲ್ಬ್‌ಗೆ ಹೋಗಿ, ಗ್ಲೋಮೆರುಲಸ್ ಎಂಬ ಸಣ್ಣ ಗಂಟುಗಳಲ್ಲಿ ಒಟ್ಟಿಗೆ ಸೇರುತ್ತವೆ. ಗೂಡು ಬೇಯುವಾಗ ಒಳಗಿನ ಹುಳದಿಂದ ಏಳುವುದು ಒಂದೇ ರಾಸಾಯನಿಕ ಅಲ್ಲ, ಹಲವು. ಒಂದೊಂದೂ ಬೇರೆ ಬೇರೆ ರಿಸೆಪ್ಟರ್‌ಗಳನ್ನು ತಟ್ಟುತ್ತದೆ. ಯಾವ ಯಾವ ಗಂಟುಗಳು ಚುರುಕಾದವು ಅನ್ನುವುದೇ ಆ ವಾಸನೆಯ ಗುರುತು.

ಅಲ್ಲಿಂದ ಸುದ್ದಿ ವಾಸನೆಯನ್ನು ಗುರುತಿಸುವ ಮಿದುಳಿನ ಭಾಗವಾದ ಪಿರಿಫಾರ್ಮ್ ಕಾರ್ಟೆಕ್ಸ್‌ಗೂ, ಭಾವನೆಗಳಿಗೆ ಸಂಬಂಧಿಸಿದ ಅಮಿಗ್ಡಲಕ್ಕೂ ನೇರವಾಗಿ ಹೋಗುತ್ತದೆ. ಕಣ್ಣು, ಕಿವಿಯ ಸುದ್ದಿಯಂತೆ ಮೊದಲು ಥಾಲಮಸ್ ಎಂಬ ಮಿದುಳಿನ ನಡುವಿನ ಠಾಣೆ ದಾಟಬೇಕಾಗಿಲ್ಲ.

ಇನ್ನು ತಗ್ಗಿಸುವ ಕೆಲಸ. ಅದು ಒಂದೇ ಕಡೆ ಅಲ್ಲ, ದಾರಿಯುದ್ದಕ್ಕೂ ನಡೆಯುತ್ತದೆ. ವಾಸನೆ ತಟ್ಟಿದಾಗ ನರಕೋಶದೊಳಗೆ ನುಗ್ಗುವ ಕ್ಯಾಲ್ಸಿಯಂ ಸ್ವಲ್ಪ ಹೊತ್ತಿನಲ್ಲೇ ಅದೇ ಕೋಶದ ಚುರುಕನ್ನು ಇಳಿಸುತ್ತದೆ. ಬಲ್ಬ್‌ನಲ್ಲಿ ಗ್ರಾನ್ಯೂಲ್ ಕೋಶಗಳು, ಸುದ್ದಿ ಮುಂದಕ್ಕೆ ಒಯ್ಯುವ ಮೈಟ್ರಲ್ ಕೋಶಗಳನ್ನು ಅದುಮುತ್ತವೆ. ಪಿರಿಫಾರ್ಮ್‌ನಲ್ಲಿ ನಡೆಯುವುದು ನನಗೆ ತುಂಬಾ ಇಷ್ಟದ ವಿಷಯ: ಬಲ್ಬ್ ಇನ್ನೂ ಸುದ್ದಿ ಕಳಿಸುತ್ತಲೇ ಇದ್ದರೂ, ಅದನ್ನು ತೆಗೆದುಕೊಳ್ಳುವ ನರಜೋಡಣೆಗಳು ಆ ವಾಸನೆಯ ಮಟ್ಟಿಗೆ ದುರ್ಬಲವಾಗಿ, ಪಿರಿಫಾರ್ಮ್ ಸುಮ್ಮನಾಗಿಬಿಡುತ್ತದೆ. ಇಲಿಗಳಲ್ಲಿ ಇದನ್ನು ಚೆನ್ನಾಗಿ ಪರೀಕ್ಷಿಸಿದ್ದಾರೆ. ಬೇರೆ ವಾಸನೆಗೆ ದಾರಿ ತೆರೆದೇ ಇರುತ್ತದೆ. ಅದಕ್ಕೇ ಆ ಗೂಡಿನ ವಾಸನೆಯ ನಡುವೆಯೂ ಒಗ್ಗರಣೆ ಸೀದದ್ದು ನಿಮಗೆ ತಕ್ಷಣ ಗೊತ್ತಾಗುತ್ತದೆ, ಅಲ್ವಾ? ಇದೆಲ್ಲ ನಿಮಿಷಗಳ ಲೆಕ್ಕ. ವಾರಗಟ್ಟಲೆ ಅದೇ ಗಾಳಿಯಲ್ಲಿದ್ದರೆ ಈ ಮಂಕು ಇನ್ನೂ ಗಟ್ಟಿಯಾಗುತ್ತದೆ, ಬಿಟ್ಟುಹೋಗಲು ದಿನಗಳೇ ಬೇಕು. ತವರಿನಲ್ಲಿ ಆಗುವುದು ಇದೇ.

ನಿಮ್ಮೂರ ಹುಳದ ವಿಷಯವನ್ನೂ ಹೇಳಲೇಬೇಕು. ಹೆಣ್ಣು ಚಿಟ್ಟೆ ಹತ್ತಿರ ಇದ್ದರೆ ಗಂಡು ರೆಕ್ಕೆ ಬಡಿಯುತ್ತಾ ಸುತ್ತುವುದನ್ನು ನೋಡಿರಬಹುದು. ಅದಕ್ಕೆ ಕಾರಣ ಹೆಣ್ಣು ಬಿಡುವ ಬಾಂಬಿಕಾಲ್ ಎಂಬ ರಾಸಾಯನಿಕ. 1959ರಲ್ಲಿ ಜರ್ಮನಿಯ ಅಡಾಲ್ಫ್ ಬುಟೆನಾಂಟ್ ತಂಡ ಸುಮಾರು 5 ಲಕ್ಷ ಹೆಣ್ಣು ರೇಷ್ಮೆ ಚಿಟ್ಟೆಗಳಿಂದ ಅದನ್ನು ಬೇರ್ಪಡಿಸಿ ಗುರುತಿಸಿತು. ರಾಸಾಯನಿಕವಾಗಿ ಗುರುತಾದ ಮೊದಲ ಫೆರೊಮೋನ್ (ಒಂದೇ ಜಾತಿಯ ಜೀವಿಗಳು ಪರಸ್ಪರ ಸುದ್ದಿ ಕೊಡಲು ಬಿಡುವ ರಾಸಾಯನಿಕ) ಅದೇ. ಗಂಡು ಚಿಟ್ಟೆಯ ಮಿದುಳಿನಲ್ಲಿ ಆ ಒಂದು ವಾಸನೆಗೇ ಒಂದು ದೊಡ್ಡ ಗ್ಲೋಮೆರುಲಸ್ ಮೀಸಲಾಗಿದೆ.

ಒಂದು ಎಚ್ಚರಿಕೆ. ವಾಸನೆ ಗೊತ್ತಾಗುತ್ತಿಲ್ಲ ಅಂದರೆ ಗಾಳಿ ಶುದ್ಧವಾಗಿದೆ ಅಂತಲ್ಲ. ಒಲೆಯ ಹೊಗೆಗೆ ಕಣ್ಣು ಉರಿದರೆ, ಕೆಮ್ಮು ಬಂದರೆ ಅದನ್ನು ತಿಳಿಸುವ ನರಗಳೇ ಬೇರೆ, ಅವುಗಳ ಮಾತು ಕೇಳಿ, ಕಿಟಕಿ ತೆರೆಯಿರಿ. ಎಲ್‌ಪಿಜಿ ವಿಷಯದಲ್ಲಂತೂ ಇನ್ನೂ ಜಾಸ್ತಿ ಹುಷಾರು. ಗ್ಯಾಸ್ ವಾಸನೆ ಮೊದಲ ಸಲ ಬಂದ ತಕ್ಷಣ ರೆಗ್ಯುಲೇಟರ್ ಬಂದ್ ಮಾಡಿ, ಬಾಗಿಲು ತೆರೆದು, ಸ್ವಿಚ್ ಮುಟ್ಟದೆ ಹೊರಗೆ ಬನ್ನಿ. ಒಳಗೇ ನಿಂತು ಮತ್ತೆ ಮತ್ತೆ ಮೂಸುತ್ತಿದ್ದರೆ ಅದೂ ಗೊತ್ತಾಗದ ಹಾಗೆ ಆಗಬಹುದು. ಕಾಫಿಪುಡಿ, ಸೋಪು, ಮಲ್ಲಿಗೆ ಯಾವುದರ ವಾಸನೆಯೂ ಬರದಿದ್ದರೆ ಮಾತ್ರ ಕಿವಿ ಮೂಗು ಗಂಟಲು ಡಾಕ್ಟರ ಹತ್ತಿರ ತೋರಿಸಿ.