ಗಾಯ ಸಣ್ಣದು, ನೋವು ಸಣ್ಣದಲ್ಲ

ಪತ್ರ: ಹನ್ನೆರಡು ದಿನದ ಹಿಂದೆ ನಮ್ಮ ಯಜಮಾನರಿಗೆ ಬಲಪಕ್ಕೆಯಲ್ಲಿ ಸಣ್ಣದಾಗಿ ಕೊಯ್ದು ಹೃದಯದ ಮೈಟ್ರಲ್ ಕವಾಟ ಸರಿಮಾಡಿದರು. "ಇಷ್ಟು ಗಾಯಕ್ಕೆ ಇಷ್ಟು ನೋವಾ?" ಅಂತ ನೋಡಲು ಬಂದವರ ಮಾತು. ಕಿಡ್ನಿ ಹಾಳಾಗುತ್ತೆ ಅಂತ ಇವರು ನೋವಿನ ಮಾತ್ರೆ ಬಿಟ್ಟಿದ್ದಾರೆ. ತಡೆದುಕೊಳ್ಳೋದೇ ಒಳ್ಳೆಯದಲ್ವಾ?
— ಓದುಗರು, ಶಿವಮೊಗ್ಗ

ಸಂಪಾದಕರ ಉತ್ತರ: ಅಲ್ಲ ತಾಯಿ, ಒಳ್ಳೆಯದಲ್ಲ. ಎದೆಮೂಳೆ ಸೀಳಲಿಲ್ಲ, ನಿಜ. ಆದರೆ ಎರಡು ಪಕ್ಕೆಲುಬುಗಳ ನಡುವೆ ದಾರಿ ಮಾಡಿಕೊಂಡು ಒಳಗೆ ಹೋಗಿದ್ದಾರೆ. ಪ್ರತಿ ಪಕ್ಕೆಲುಬಿನ ಕೆಳಗೂ ಒಂದು ನರ ಓಡುತ್ತದೆ. ಅದು ಎಳೆದಾಡಿ, ಒತ್ತಿ ನೊಂದಿರುತ್ತದೆ. ಮೊದಲ ಕೆಲವು ದಿನ ಈ ನೋವು ಎದೆ ಸೀಳಿದವರಿಗಿಂತ ಜಾಸ್ತಿಯೂ ಇರಬಹುದು. ಗಾಯದ ಅಳತೆ ನೋಡಿ ನೋವನ್ನು ಅಳೆಯುವವರಿಗೆ ಇದನ್ನು ಹೇಳಿ.

ನಮ್ಮ ಅಣ್ಣನಿಗೂ ಪಕ್ಕೆಯಲ್ಲೇ ಆಪರೇಷನ್ ಆಗಿತ್ತು. ರೌಂಡ್ಸಿಗೆ ಬಂದವರು ಕೇಳಿದರೆ "ಆರಾಮಿದ್ದೀನಿ ಸಾರ್" ಅನ್ನುತ್ತಿದ್ದ. ಮಂಚದ ಕಂಬಿ ಹಿಡಿದ ಕೈಯ ಗೆಣ್ಣು ಮಾತ್ರ ಬೆಳ್ಳಗಾಗಿರುತ್ತಿತ್ತು. ಉಸಿರೆಳೆಯಲು ಕೊಟ್ಟ ಮೂರು ಚೆಂಡಿನ ಡಬ್ಬಿಯಲ್ಲಿ ಒಂದು ಚೆಂಡೂ ಮೇಲೇಳಲಿಲ್ಲ. ನೋವಿಗೆ ಹೆದರಿ ಕೆಮ್ಮಲಿಲ್ಲ. ಕಫ ಕಟ್ಟಿತು, ಜ್ವರ ಬಂತು. ನೋವು ನುಂಗಿದ್ದಕ್ಕೆ ಅವನಿಗೆ ಸಿಕ್ಕಿದ್ದು ಮತ್ತೊಂದು ವಾರ ಆಸ್ಪತ್ರೆ.

ನಿಮ್ಮವರ ಹೆದರಿಕೆಯಲ್ಲೂ ಹುರುಳಿದೆ. ಬ್ರುಫೆನ್, ವೊವೆರಾನ್ ಜಾತಿಯ ಮಾತ್ರೆ ಕಿಡ್ನಿಗೆ ಭಾರ. ರಕ್ತ ಹೆಪ್ಪುಗಟ್ಟದಂತೆ ಕೊಡುವ ಮಾತ್ರೆಯ ಜೊತೆ ಸೇರಿದರೆ ರಕ್ತಸ್ರಾವದ ಅಪಾಯವೂ ಉಂಟು. ಅಂಗಡಿಯಿಂದ ನೀವಾಗೇ ತಂದು ಕೊಡಬೇಡಿ. ಆದರೆ ಪ್ಯಾರಾಸಿಟಮಾಲ್ ಬೇರೆ ಜಾತಿ. ಡಾಕ್ಟರು ಬರೆದಿದ್ದರೆ, ಬರೆದ ಅಳತೆಯಲ್ಲಿ, ಹೊತ್ತು ಹೊತ್ತಿಗೆ ಕೊಡಿ. ನೋವು ಏರಿದ ಮೇಲೆ ಇಳಿಸುವುದು ಕಷ್ಟ. ಉರಿ, ಜೋಮು, ಕರೆಂಟು ಹೊಡೆದ ಹಾಗೆ ಇದ್ದರೆ ಅದು ನರದ ನೋವು, ಅದಕ್ಕೆ ಮದ್ದೇ ಬೇರೆ. ಗಾಯದಲ್ಲಿ ಕೀವು, ಜ್ವರ, ಏದುಸಿರು, ಎದೆ ಹಿಂಡಿದ ಹಾಗೆ ಆಗುವುದು ಕಂಡರೆ ಕಾಯಬೇಡಿ, ಕೂಡಲೇ ಆಸ್ಪತ್ರೆಗೆ ಕರೆದುಕೊಂಡು ಹೋಗಿ.

ನನ್ನ ಸಿಟ್ಟು ನಿಮ್ಮ ಮೇಲಲ್ಲ. ಹಲ್ಲು ಕಚ್ಚಿ ಸಹಿಸಿದವನನ್ನು "ಗಟ್ಟಿಗ" ಅಂತ ಹೊಗಳುತ್ತೇವೆ. ಹೆರಿಗೆ ಮನೆಯಲ್ಲಿ ಕೂಗಿದ ಹೆಂಗಸನ್ನು ಗದರುತ್ತೇವೆ. ಕಾನೂನೂ ಹಾಗೇ ಇತ್ತು. ಅಫೀಮು ಬೆಳೆಯುವ ದೇಶ ನಮ್ಮದು. ಆದರೂ 1985ರ ಮಾದಕ ವಸ್ತು ಕಾಯ್ದೆ ಬಂದ ಮೇಲೆ ಅಫೀಮಿನಿಂದಲೇ ತೆಗೆಯುವ ನೋವಿನ ಮದ್ದು ಮಾರ್ಫಿನ್ ಕ್ಯಾನ್ಸರ್ ರೋಗಿಗೂ ಸಿಗುವುದು ಕಷ್ಟವಾಯಿತು. ಕೇರಳದ ಡಾ. ಎಂ.ಆರ್. ರಾಜಗೋಪಾಲ್ ಅವರಂಥವರು ವರ್ಷಗಟ್ಟಲೆ ಹೋರಾಡಿದರು. ಮದ್ದು ಸಿಗುವುದು ಸುಲಭವಾಗಲಿ ಅಂತ 2014ರಲ್ಲಿ ಕಾಯ್ದೆ ತಿದ್ದುಪಡಿಯಾಯಿತು. ಅಷ್ಟು ವರ್ಷ ನರಳಿದವರ ಲೆಕ್ಕ ಯಾರು ಕೊಡುತ್ತಾರೆ?

ಇವತ್ತು ರಾತ್ರಿ ಯಜಮಾನರನ್ನು "ನೋವಿದೆಯಾ?" ಅಂತ ಕೇಳಬೇಡಿ, ಸುಮ್ನೆ "ಇಲ್ಲ" ಅಂದುಬಿಡುತ್ತಾರೆ. ಒಂದು ದಿಂಬು ಕೊಡಿ. ಅದನ್ನು ಪಕ್ಕೆಗೆ ಒತ್ತಿ ಹಿಡಿದು ಒಮ್ಮೆ ಜೋರಾಗಿ ಕೆಮ್ಮಲು ಹೇಳಿ, ಮುಖ ನೋಡಿ. ಕೆಮ್ಮಲು ಆಗದಿದ್ದರೆ ಬೆಳಿಗ್ಗೆ ಡಾಕ್ಟರಿಗೆ ಫೋನ್ ಮಾಡಿ.