ಟಿವಿ ಶಾಪಿಂಗ್ ನಿರೂಪಕರು ತಾವು ಮಾರುವುದನ್ನೇ ತೊಡಬೇಕೆ?

ಬಟ್ಟೆಯಾದರೆ ತೊಡಲೇಬೇಕು. ಮಡಿಚಿಟ್ಟ ಸೀರೆ ಬಣ್ಣವನ್ನಷ್ಟೇ ತೋರಿಸುತ್ತದೆ. ನೆರಿಗೆ ಕೂರುತ್ತದೋ ಉಬ್ಬುತ್ತದೋ, ಸೆರಗು ಹೆಗಲ ಮೇಲೆ ನಿಲ್ಲುತ್ತದೋ ಜಾರುತ್ತದೋ ಎನ್ನುವುದು ಉಟ್ಟವರನ್ನು ನೋಡಿದರೇ ತಿಳಿಯುವುದು. ನಮ್ಮ ಕಲಬುರಗಿಯ ಸೂಪರ್ ಮಾರ್ಕೆಟ್ ಪೇಟೆಯಲ್ಲೂ ಅಂಗಡಿಯವರು ಸೆರಗನ್ನು ತಮ್ಮ ಹೆಗಲಿಗೇ ಹಾಕಿಕೊಂಡು ತೋರಿಸುತ್ತಾರೆ. ಆದರೆ ಅಲ್ಲಿ ಅವ್ವ ಅಂಚನ್ನು ಬೆರಳಲ್ಲಿ ಉಜ್ಜಿ, ಬಾಗಿಲ ಬೆಳಕಿಗೆ ಹಿಡಿದು ನೋಡುತ್ತಾಳೆ. ಟಿವಿ ಮುಂದೆ ಅದಾಗದು. ಒಮ್ಮೆ ಟಿವಿ ನೋಡಿ ತರಿಸಿದ ಸೀರೆ ಸ್ಟುಡಿಯೋ ದೀಪದಲ್ಲಿ ಕಡುಗೆಂಪು, ನಮ್ಮ ಅಂಗಳದ ಬಿಸಿಲಲ್ಲಿ ಇಟ್ಟಿಗೆ ಬಣ್ಣ. ಅವ್ವ ಅದನ್ನು ಉಡಲೇ ಇಲ್ಲ.

ಹಾಗಾಗಿ ತೊಟ್ಟರಷ್ಟೇ ಸಾಲದು. ಕುರ್ತಾದ ಬೆನ್ನಿಗೆ ಪಿನ್ನು ಹಾಕಿ ಮೈಗೆ ಹೊಂದಿಸಿದ್ದರೆ ಮುಂದಿನಿಂದ ಗೊತ್ತಾಗುವುದಿಲ್ಲ. ನಿರೂಪಕಿ ಒಂದು ಸುತ್ತು ತಿರುಗಬೇಕು, ತನ್ನ ಎತ್ತರ ಮತ್ತು ತೊಟ್ಟ ಸೈಜ್ ಹೇಳಬೇಕು. ಚಿನ್ನದ ಒಡವೆ ತೊಟ್ಟರೆ ಗಾತ್ರ ತಿಳಿಯುತ್ತದೆ, ಶುದ್ಧತೆ ತಿಳಿಯದು. ಅದಕ್ಕೆ ಹಾಲ್‌ಮಾರ್ಕ್ ನೋಡಿಯೇ ಕೊಳ್ಳಿ.

ತೊಡಲೇಬೇಕೆಂದು ಕಾನೂನೇನೂ ಹೇಳುವುದಿಲ್ಲ. ಆದರೆ "ನಾನೇ ದಿನಾ ಬಳಸ್ತೀನಿ" ಎಂದರೆ ಅದು ನಿಜವಿರಬೇಕು. ಜಾಹೀರಾತಿನ ಶಿಫಾರಸು ಪ್ರಾಮಾಣಿಕವಾಗಿರಬೇಕು, ಸಾಕಷ್ಟು ಮಾಹಿತಿ ಅಥವಾ ಅನುಭವದ ಮೇಲೆ ನಿಂತಿರಬೇಕು ಎನ್ನುತ್ತದೆ ಕೇಂದ್ರದ 2022ರ ಮಾರ್ಗಸೂಚಿ. ದಾರಿ ತಪ್ಪಿಸಿದರೆ 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಡಿ ಮೊದಲ ಸಲಕ್ಕೆ 10 ಲಕ್ಷ ರೂಪಾಯಿವರೆಗೆ ದಂಡವಿದೆ. ಮೋಸವಾಗಿದ್ದರೆ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಿ.