ಅಜ್ಜನ ಊರಿನ ರಜೆ, ಬಣ್ಣದ ತಿನಿಸು ಮತ್ತು ಏಳು ವರ್ಷದ ಹುಡುಗ: ಒಂದು ಆಪ್ತಸಲಹೆ ಪ್ರಕರಣ

ಬೆಂಗಳೂರಿನಲ್ಲಿ ಉದ್ಯೋಗದಲ್ಲಿರುವ ದಂಪತಿ, ಬೇಸಿಗೆ ರಜೆ ಆರಂಭವಾಗುವುದಕ್ಕೆ ಸ್ವಲ್ಪ ಮುಂಚೆ, ತಮ್ಮ ಏಳು ವರ್ಷದ ಮಗನ ವಿಚಾರವಾಗಿ ಸಲಹೆಗೆ ಬಂದಿದ್ದರು. ಅವರ ಒಪ್ಪಿಗೆ ಪಡೆದು, ಗುರುತು ಸಿಗದಂತೆ ಮನೆಯ ಕೆಲವು ವಿವರಗಳನ್ನು ಬದಲಿಸಿ ಈ ಪ್ರಕರಣವನ್ನು ಇಲ್ಲಿ ದಾಖಲಿಸುತ್ತಿದ್ದೇನೆ. ಹುಡುಗನಿಗೆ ಕೃತಕ ಬಣ್ಣ ಹಾಕಿದ ತಿನಿಸು ಒಗ್ಗುವುದಿಲ್ಲ. ತಂದೆಯ ಊರು ಹಾವೇರಿ ಜಿಲ್ಲೆಯ ಒಂದು ಹಳ್ಳಿ. ರಜೆಯಲ್ಲಿ ಅಲ್ಲಿಗೆ ಹೋಗಿ ಊರ ಜಾತ್ರೆ ಮುಗಿಸಿಕೊಂಡು, ಅಲ್ಲಿಂದ ಅಜ್ಜ-ಅಜ್ಜಿಯರನ್ನೂ ಕರೆದುಕೊಂಡು ಧರ್ಮಸ್ಥಳ, ಉಡುಪಿ ನೋಡಿಕೊಂಡು ಬರುವುದು ಅವರ ಯೋಜನೆಯಾಗಿತ್ತು. ಆದರೆ ತಾಯಿ ಪ್ರವಾಸವನ್ನೇ ರದ್ದು ಮಾಡುವ ಮಾತಾಡುತ್ತಿದ್ದರು, ತಂದೆಗೆ ಅದು ತಮ್ಮ ಹೆತ್ತವರಿಗೆ ಮಾಡುವ ಅವಮಾನವೆಂದು ತೋರುತ್ತಿತ್ತು.

ಮೊದಲು ವೈದ್ಯಕೀಯ ಹಿನ್ನೆಲೆಯನ್ನು ಹೇಳಬೇಕು. ಹುಡುಗನಿಗೆ ಐದನೇ ವಯಸ್ಸಿನಿಂದ ಆಗಾಗ ಕುತ್ತಿಗೆ ಮತ್ತು ತೊಡೆಯ ಮೇಲೆ ಪಿತ್ತದ ಗಂಧೆ ಏಳುತ್ತಿತ್ತು. ಆ ದಿನಗಳಲ್ಲಿ ಅವನು ಕುಳಿತಲ್ಲಿ ಕೂರದೆ, ಸಣ್ಣ ಮಾತಿಗೂ ಕಿರುಚುತ್ತಿದ್ದ. ಕೃತಕ ಬಣ್ಣಗಳ ವಿಷಯದಲ್ಲಿ ರಕ್ತಪರೀಕ್ಷೆಯಿಂದಾಗಲಿ, ಚರ್ಮಕ್ಕೆ ಚುಚ್ಚಿ ನೋಡುವ ಪರೀಕ್ಷೆಯಿಂದಾಗಲಿ ಖಚಿತ ಉತ್ತರ ಸಿಗುವುದಿಲ್ಲವಾದ್ದರಿಂದ, ಮಕ್ಕಳ ತಜ್ಞರು ಕೆಲವು ವಾರ ಬಣ್ಣದ ತಿನಿಸುಗಳನ್ನು ಪೂರ್ತಿಯಾಗಿ ನಿಲ್ಲಿಸಿ, ಅನಂತರ ತಮ್ಮ ಮೇಲ್ವಿಚಾರಣೆಯಲ್ಲಿ ಒಂದೊಂದಾಗಿ ಮರಳಿ ಕೊಟ್ಟು ನೋಡಿದ್ದರು. ಹಳದಿ ಮತ್ತು ಕಿತ್ತಳೆ ಬಣ್ಣಗಳಿಗೆ ಗಂಧೆ ಎದ್ದಿತ್ತು. ಉಸಿರಾಟದ ತೊಂದರೆ ಎಂದೂ ಆಗಿರಲಿಲ್ಲ. ಈ ಕೊನೆಯ ಅಂಶವನ್ನು ನಾನು ವೈದ್ಯರ ಚೀಟಿಯಲ್ಲಿ ನೋಡಿ, ಅವರೊಂದಿಗೆ ಮಾತನಾಡಿ ಖಚಿತಪಡಿಸಿಕೊಂಡೆ. ಮುಂದೆ ನಾನು ಕೊಟ್ಟ ಸಲಹೆಯೆಲ್ಲ ಅದರ ಮೇಲೆ ನಿಂತಿದೆ. ಉಸಿರು ಕಟ್ಟುವ, ತುಟಿ-ನಾಲಗೆ ಬಾತುಕೊಳ್ಳುವ ಮಗುವಿನ ಮನೆಯವರು ಈ ಬರಹವನ್ನು ತಮಗೆ ಅನ್ವಯಿಸಿಕೊಳ್ಳಬಾರದು.

ಹಿಂದಿನ ವರ್ಷದ ರಜೆಯಲ್ಲಿ ನಡೆದದ್ದು ತಾಯಿಯ ಮನಸ್ಸಿನಲ್ಲಿ ಹಾಗೇ ಉಳಿದಿತ್ತು. ಅಜ್ಜ ಮೊಮ್ಮಗನನ್ನು ಸಂತೆಗೆ ಕರೆದೊಯ್ದು ಕಿತ್ತಳೆ ಬಣ್ಣದ ಐಸ್ ಕ್ಯಾಂಡಿ ಕೊಡಿಸಿದ್ದರು. ಹುಡುಗ ಮನೆಗೆ ಬರುವ ಮೊದಲು ಹಿತ್ತಲಿಗೆ ಹೋಗಿ, ಟವೆಲಿನ ತುದಿಯನ್ನು ನೀರಿನಲ್ಲಿ ಅದ್ದಿ ನಾಲಗೆಯನ್ನು ತಿಕ್ಕಿ ತೊಳೆದುಕೊಂಡಿದ್ದ. ನಾಲಗೆ ತಕ್ಕಮಟ್ಟಿಗೆ ಸ್ವಚ್ಛವಾಗಿತ್ತು, ಟವೆಲ್ ಮಾತ್ರ ಎಲ್ಲವನ್ನೂ ಹೇಳಿತು. ರಾತ್ರಿ ಗಂಧೆ ಎದ್ದಾಗ ಅತ್ತೆ-ಸೊಸೆಯ ನಡುವೆ ಮಾತಿಗೆ ಮಾತು ಬೆಳೆದು, ಎರಡು ದಿನ ಮೊದಲೇ ಇವರು ಬೆಂಗಳೂರಿಗೆ ಹಿಂತಿರುಗಿದ್ದರು. "ಒಂದ್ ಸಲ ತಿಂದ್ರ ಏನ್ ಆಗ್ತೈತಿ? ನಮ್ಮ ಮಕ್ಳೆಲ್ಲಾ ತಿಂದ ಬೆಳದಾವ" ಎಂಬ ಅತ್ತೆಯವರ ಮಾತನ್ನು ತಾಯಿ ನನ್ನೆದುರು ಅದೇ ಧಾಟಿಯಲ್ಲಿ ಹೇಳಿದರು. ತಂದೆ ತಲೆ ತಗ್ಗಿಸಿ ಕುಳಿತಿದ್ದರು. ಅಂದು ಊರಿನಲ್ಲಿಯೂ ಅವರು ಹೀಗೆಯೇ ಕುಳಿತಿದ್ದರೇನೋ ಎಂದು ನನಗೆ ಅನಿಸಿತು.

ಹುಡುಗನೊಂದಿಗೆ ಪ್ರತ್ಯೇಕವಾಗಿ ಮಾತನಾಡಿದೆ. ಯಾವ ತಿಂಡಿ ತನಗೆ ಆಗುವುದಿಲ್ಲವೆಂಬುದು ಅವನಿಗೆ ಚೆನ್ನಾಗಿ ಗೊತ್ತಿತ್ತು, ನಾನು ಕೇಳುವ ಮೊದಲೇ ಪಟ್ಟಿ ಒಪ್ಪಿಸಿದ. ಗೊತ್ತಿದ್ದೂ ತಿಂದದ್ದೇಕೆ ಎಂದು ಕೇಳಿದಾಗ, "ಬೇಡ ಅಂದ್ರೆ ಅಜ್ಜಂಗೆ ಬೇಜಾರಾಗಲ್ವಾ?" ಎಂದು ನನ್ನನ್ನೇ ಕೇಳಿದ. ಆಸೆ ತಡೆಯಲಾರದೆ ತಿಂದನೆಂದು ಮನೆಯವರೆಲ್ಲ ಭಾವಿಸಿದ್ದರು. ಅಜ್ಜನ ಮನಸ್ಸು ಮತ್ತು ಅಮ್ಮನ ಆಜ್ಞೆ ಎರಡನ್ನೂ ಕಾಪಾಡಲು ಆ ಮಗು ಕಂಡುಕೊಂಡ ದಾರಿ, ತಿಂದು ಮುಚ್ಚಿಡುವುದಾಗಿತ್ತು. ನನ್ನ ಲೆಕ್ಕದಲ್ಲಿ ಈ ಮುಚ್ಚಿಡುವ ಅಭ್ಯಾಸ ಗಂಧೆಗಿಂತ ದೊಡ್ಡ ಅಪಾಯ. ಮಗು ತಿಂದದ್ದನ್ನು ಹೇಳದಿದ್ದರೆ, ಮುಂದೊಂದು ದಿನ ನಿಜವಾದ ತೊಂದರೆಯಾದಾಗ ವೈದ್ಯರಿಗೂ ಕಾರಣ ತಿಳಿಯುವುದಿಲ್ಲ.

ಎರಡನೆಯ ಭೇಟಿಯಲ್ಲಿ ದಂಪತಿಯ ಮುಂದೆ ಮೊದಲು ಇಟ್ಟದ್ದು ವಿಷಯದ ಅಳತೆಯನ್ನು. ಇಂಗ್ಲೆಂಡಿನ ಸೌತಾಂಪ್ಟನ್ ವಿಶ್ವವಿದ್ಯಾಲಯದ ಸಂಶೋಧಕರು 2007ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಮೂರು ವರ್ಷದ ಮತ್ತು ಎಂಟು-ಒಂಬತ್ತು ವರ್ಷದ ಮಕ್ಕಳಿಗೆ ಕೆಲವು ದಿನ ಬಣ್ಣ ಹಾಗೂ ತಿನಿಸು ಕೆಡದಂತೆ ಹಾಕುವ ಸೋಡಿಯಂ ಬೆಂಜೊಯೇಟ್ ಬೆರೆಸಿದ ಪಾನೀಯವನ್ನೂ, ಕೆಲವು ದಿನ ನೋಡಲು ಹಾಗೆಯೇ ಇರುವ ಬೇರೆ ಪಾನೀಯವನ್ನೂ ಕೊಟ್ಟು ಹೋಲಿಸಲಾಗಿತ್ತು. ಬಣ್ಣ ಕುಡಿದ ದಿನಗಳಲ್ಲಿ ಚಡಪಡಿಕೆ ಸರಾಸರಿಯಲ್ಲಿ ಸ್ವಲ್ಪ ಹೆಚ್ಚಿತ್ತು, ಆದರೆ ಮಗುವಿನಿಂದ ಮಗುವಿಗೆ ವ್ಯತ್ಯಾಸ ಬಹಳವಿತ್ತು. ಅದರ ಬೆನ್ನಿಗೆ ಐರೋಪ್ಯ ಒಕ್ಕೂಟ 2010ರಿಂದ ಆರು ಬಣ್ಣಗಳಿಗೆ ಲೇಬಲ್ಲಿನಲ್ಲಿ ಎಚ್ಚರಿಕೆಯ ಸಾಲನ್ನು ಕಡ್ಡಾಯ ಮಾಡಿತು. ಅವುಗಳಲ್ಲಿ ಟಾರ್ಟ್ರಜೀನ್, ಸನ್‌ಸೆಟ್ ಯೆಲ್ಲೋ, ಕಾರ್ಮೊಯ್ಸಿನ್ ಮತ್ತು ಪಾಂಸೊ 4ಆರ್ ಎಂಬ ನಾಲ್ಕು ನಮ್ಮಲ್ಲಿಯೂ ಮಿತಿಯೊಳಗೆ ಅನುಮತಿ ಇರುವ ಬಣ್ಣಗಳು. ಆದ್ದರಿಂದ ತಾಯಿಯ ಆತಂಕ ಬರೀ ಭ್ರಮೆಯಲ್ಲ. ಹಾಗೆಂದು, ಒಂದು ಚೂರು ಬಾಯಿಗೆ ಹೋದರೆ ಅನಾಹುತವಾಗುವ ಶೇಂಗಾ ಅಲರ್ಜಿಯಂಥದ್ದೂ ಇದಲ್ಲ. ಬಣ್ಣದ ಪರಿಣಾಮ ಬಹುಮಟ್ಟಿಗೆ ಪ್ರಮಾಣವನ್ನು ಅವಲಂಬಿಸಿದೆ. ಈ ಹುಡುಗನ ಮಟ್ಟಿಗೆ ಒಂದು ಅಗುಳು ಕೇಸರಿಬಾತ್ ಎಲೆಗೆ ತಾಗಿತೆಂದು ಎಲೆ ಬದಲಿಸಬೇಕಾಗಿಲ್ಲ. ಈ ಮಾತನ್ನು ಅವರ ವೈದ್ಯರೂ ಒಪ್ಪಿದರು. ತಾಯಿಯ ಭುಜ ಸ್ವಲ್ಪ ಸಡಿಲವಾದದ್ದು ಆ ಹೊತ್ತಿನಲ್ಲಿಯೇ.

ನನ್ನ ಮುಖ್ಯ ಸಲಹೆ ಆಹಾರದ ಕುರಿತಾಗಿರಲಿಲ್ಲ. ಊರಿನಲ್ಲಿ "ಬೇಡ" ಎಂದು ಹೇಳುವ ಹೊಣೆ ಯಾರದು ಎಂಬುದನ್ನು ಹೊರಡುವ ಮೊದಲೇ ತೀರ್ಮಾನಿಸಿಕೊಳ್ಳಿರೆಂದೆ. ಇದುವರೆಗೆ ಅದು ಸೊಸೆಯ ಮೇಲೆ ಬಿದ್ದಿತ್ತು. ಸೊಸೆ ಹೇಳಿದಾಗ ಅದು ಅತ್ತೆಯ ಅಡುಗೆಗೆ ಹೆಸರಿಟ್ಟಂತೆಯೂ, ಮಾವನ ಪ್ರೀತಿಯನ್ನು ಶಂಕಿಸಿದಂತೆಯೂ ಕೇಳಿಸುತ್ತದೆ. ಅದೇ ಮಾತನ್ನು ಮಗ ಹೇಳಿದರೆ ಅಪ್ಪ-ಅವ್ವ ಬೈದರೂ ಕೇಳುತ್ತಾರೆ. ಆದ್ದರಿಂದ ತಂದೆಯೇ ಫೋನ್ ಮಾಡಿ, ವೈದ್ಯರು ಹೇಳಿದ್ದನ್ನು ತಮ್ಮ ಆಡುಮಾತಿನಲ್ಲಿ, ಗಂಧೆಯ ಫೋಟೊ ಕಳಿಸಿ ವಿವರಿಸಬೇಕೆಂದು ನಿಶ್ಚಯಿಸಿದೆವು. ಬೇಡವೆಂಬುದರ ಜೊತೆಗೆ ಏನು ಬೇಕೆಂಬುದನ್ನೂ ಅದೇ ಕರೆಯಲ್ಲಿ ಕೇಳಬೇಕೆಂದು ಒತ್ತಿ ಹೇಳಿದೆ. ಕೊಡಿಸುವ ಸುಖವನ್ನು ಅಜ್ಜನಿಂದ ಕಿತ್ತುಕೊಂಡರೆ ಅವರು ಕದ್ದು ಕೊಡಿಸುತ್ತಾರೆ, ಅದು ಯಾವ ಊರಿನಲ್ಲಿಯೂ ನಡೆಯುವುದೇ. ಜಾತ್ರೆಯಲ್ಲಿ ಮೊಮ್ಮಗನಿಗೆ ಕೊಡಿಸುವ ಅಧಿಕಾರ ಪೂರ್ತಿಯಾಗಿ ಅಜ್ಜನದೇ ಇರಲಿ, ಆದರೆ ತೊಟ್ಟಿಲು, ಪೀಪಿ, ಗಿರಗಿಟ್ಲೆ, ಬಿಳಿ ಬತ್ತಾಸು, ಶೇಂಗಾ ಚಿಕ್ಕಿ ಇವುಗಳಲ್ಲಿ ಅವರು ಆರಿಸಲಿ ಎಂಬುದು ಒಪ್ಪಂದ.

ಅಜ್ಜಿಯ ಪಾಲಿಗೆ ಇನ್ನೂ ಒಳ್ಳೆಯ ಕೆಲಸವಿತ್ತು. ಬಣ್ಣಕ್ಕೆ ಹೆಸರಾದ, ಖಾರ ಕಡಿಮೆಯಿರುವ ಬ್ಯಾಡಗಿ ಮೆಣಸಿನಕಾಯಿ ಆ ಜಿಲ್ಲೆಯದೇ. ಬೀಜ ತೆಗೆದು ಬಿಸಿನೀರಿನಲ್ಲಿ ನೆನೆಸಿ ನುಣ್ಣಗೆ ರುಬ್ಬಿದರೆ ಗೋಬಿಗೆ ಬೇಕಾದ ಕೆಂಪು ಮನೆಯಲ್ಲೇ ಸಿಗುತ್ತದೆ. ಹುಡುಗನಿಗೆ ಗೋಬಿ ಮಂಚೂರಿಯ ಆಸೆ ಬಹಳ. ಕೊಬ್ಬರಿ ಮಿಠಾಯಿಗೆ ಬೀಟ್‌ರೂಟಿನ ರಸ, ಕೇಸರಿಬಾತ್‌ಗೆ ಹಾಲಿನಲ್ಲಿ ನೆನೆಸಿದ ನಾಲ್ಕೆಳೆ ಕೇಸರಿ ಸಾಕು. ಸಸ್ಯಮೂಲದ್ದೆಂಬ ಕಾರಣಕ್ಕೇ ಎಲ್ಲ ಬಣ್ಣ ಎಲ್ಲರಿಗೂ ಒಗ್ಗುತ್ತದೆಂದೇನಲ್ಲ, ಅನಾಟೊ ಎಂಬ ಬೀಜದಿಂದ ತೆಗೆದ ಬಣ್ಣಕ್ಕೂ ಕೆಲವರಿಗೆ ಗಂಧೆ ಏಳುವುದುಂಟು. ಈ ಮನೆಯಲ್ಲಿ ಬಳಸುತ್ತಿದ್ದ ಮೂರೂ ಹುಡುಗ ಮೊದಲೇ ತಿಂದು ಜೀರ್ಣಿಸಿಕೊಂಡವು.

ಪ್ರವಾಸದ ಊಟದ ಬಗ್ಗೆ ದಂಪತಿ ಹೆದರಿದ್ದಷ್ಟು ಕಷ್ಟವಿಲ್ಲ. ಇಡ್ಲಿ, ಖಾಲಿ ದೋಸೆ, ನೀರುದೋಸೆ, ಅನ್ನ-ಸಾರು, ಮೊಸರನ್ನ, ಜೋಳದ ರೊಟ್ಟಿ ಇವುಗಳಿಗೆ ಬಣ್ಣ ಹಾಕುವ ಕಾರಣವೇ ಇಲ್ಲ. ದೇವಸ್ಥಾನಗಳ ಅನ್ನಪ್ರಸಾದದ ಅನ್ನ, ಸಾರು, ಹುಳಿಗಳೂ ಹಾಗೆಯೇ, ಬಡಿಸುವ ಸಿಹಿಯನ್ನು ಮಾತ್ರ ನೋಡಿ ಹಾಕಿಸಿಕೊಳ್ಳಬೇಕು. ಎಚ್ಚರ ಬೇಕಾದವು ಕೇಸರಿಬಾತ್, ಜಹಾಂಗೀರು, ಬಾದಾಮಿ ಹಾಲು, ಕಸ್ಟರ್ಡ್ ಹಾಕಿದ ಫ್ರೂಟ್ ಸಲಾಡ್, ಟೂಟಿ ಫ್ರೂಟಿ, ಬಣ್ಣದ ಬೋಟಿ, ಹೋಟೆಲಿನ ಕೆಂಪು ಗ್ರೇವಿ. ಮಾಣಿಯನ್ನು "ಕಲರ್ ಹಾಕ್ತೀರಾ?" ಎಂದು ಕೇಳಿದರೆ "ಇಲ್ಲ ಸಾರ್" ಎಂಬ ಉತ್ತರ ಸಿದ್ಧವಿರುತ್ತದೆ. ಆ ಪ್ರಶ್ನೆಯನ್ನು ಕೇಳುವುದಕ್ಕಿಂತ ಬಣ್ಣಕ್ಕೆ ಎಡೆಯಿಲ್ಲದ ತಿಂಡಿಯನ್ನು ತರಿಸಿಕೊಳ್ಳುವುದೇ ಜಾಣತನ. ಪೊಟ್ಟಣದ ತಿಂಡಿಯಾದರೆ ಕೃತಕ ಬಣ್ಣ ಇದೆಯೆಂದು ಲೇಬಲ್ಲಿನಲ್ಲಿ ನಮೂದಿಸಬೇಕೆಂಬ ನಿಯಮವಿದೆ. ಹೆಸರಿನ ಬದಲು ಬರೀ ಸಂಖ್ಯೆಯೂ ಇರಬಹುದಾದ್ದರಿಂದ ಮೇಲೆ ಹೇಳಿದ ನಾಲ್ಕು ಬಣ್ಣಗಳ ಸಂಖ್ಯೆಗಳಾದ 102, 110, 122, 124 ಇವನ್ನು ತಾಯಿಗೆ ಬರೆದುಕೊಟ್ಟೆ. ಹುಡುಗ ಅವನ್ನು ಅಲ್ಲೇ ಬಾಯಿಪಾಠ ಮಾಡಿಕೊಂಡ. ಪೊಟ್ಟಣ ಓದುವ ಕೆಲಸವನ್ನು ಅವನಿಗೇ ವಹಿಸಿ ಎಂದೆ, ಕಾವಲು ಕಾಯಿಸಿಕೊಳ್ಳುವ ಮಗು ಹೀಗೆ ತಾನೇ ಕಾಯಲು ಕಲಿಯುತ್ತದೆ.

ಜಾತ್ರೆಯ ಬಿಡಿ ತಿಂಡಿಗೆ ಲೇಬಲ್ಲೇ ಇರುವುದಿಲ್ಲ. ಬಾಂಬೆ ಮಿಠಾಯಿ ಮತ್ತು ಗೋಬಿ ಮಂಚೂರಿಯ ಮಾದರಿಗಳಲ್ಲಿ, ಆಹಾರದಲ್ಲಿ ಎಂದೂ ಅನುಮತಿಯಿಲ್ಲದ, ಬಟ್ಟೆಗೆ ಹಾಕುವ ರೋಡಮಿನ್-ಬಿ ಬಣ್ಣ ಸೇರಿದಂತೆ ಕೃತಕ ಬಣ್ಣಗಳು ಸಿಕ್ಕಿದ್ದರಿಂದ ಕರ್ನಾಟಕ ಸರ್ಕಾರ 2024ರ ಮಾರ್ಚ್‌ನಲ್ಲಿ ಅವುಗಳಿಗೆ ಬಣ್ಣ ಬಳಸುವುದನ್ನು ನಿಷೇಧಿಸಿತು, ಅದೇ ಜೂನ್‌ನಲ್ಲಿ ಕಬಾಬ್‌ಗೂ ನಿಷೇಧ ಬಂತು. ಈ ಸುದ್ದಿಯಿಂದ ತಂದೆಗೆ "ಈಗ ಎಲ್ಲಾ ಬಂದ್ ಆಗಿದೆಯಲ್ಲ" ಎಂಬ ಧೈರ್ಯ ಬಂದಿತ್ತು. ಆದೇಶ ಆ ಕೆಲವು ತಿಂಡಿಗಳಿಗೆ ಮಾತ್ರ, ಐಸ್ ಕ್ಯಾಂಡಿಗೂ ಜಿಲೇಬಿಗೂ ಅಲ್ಲ. ಜೊತೆಗೆ ಪ್ರತಿಯೊಂದು ಬಾಣಲೆಯ ಮುಂದೆ ಅಧಿಕಾರಿ ನಿಂತಿರುವುದೂ ಇಲ್ಲ. ರಸ್ತೆ ಬದಿಯಲ್ಲಿ ಎಳನೀರು, ಎದುರಿಗೇ ಅರೆದುಕೊಡುವ ಕಬ್ಬಿನಹಾಲು, ಬಾಳೆಹಣ್ಣು, ಹುರಿದ ಶೇಂಗಾ ಇವುಗಳನ್ನು ಧಾರಾಳವಾಗಿ ಕೊಡಿಸಿ ಎಂದೆ. ಹೊಟ್ಟೆ ತುಂಬಿದ ಮಗು ಅಂಗಡಿಯ ಮುಂದೆ ಹಟ ಮಾಡುವುದು ಕಡಿಮೆ. ಆದ್ದರಿಂದ ಜಾತ್ರೆಗೆ ಊಟ ಮಾಡಿಸಿಯೇ ಕರೆದೊಯ್ಯಬೇಕು.

ಬಹಳ ಮನೆಗಳಲ್ಲಿ ಮರೆತುಹೋಗುವುದು ಔಷಧಿ. ಜ್ವರದ ಸಿರಪ್, ಕೆಮ್ಮಿನ ಸಿರಪ್, ಕಿತ್ತಳೆ ಬಣ್ಣದ ಓಆರ್‌ಎಸ್ ಪುಡಿ ಇವುಗಳಲ್ಲಿಯೂ ಇದೇ ಬಣ್ಣಗಳಿರುತ್ತವೆ. ಗಂಧೆ ಇಳಿಯಲೆಂದು ಕೊಡುವ ಸಿರಪ್ಪಿನಲ್ಲಿಯೂ ಇರಬಹುದು. ಮಗುವಿಗೆ ಒಗ್ಗಿದ, ಬಣ್ಣವಿಲ್ಲದ ಔಷಧಿಗಳನ್ನು ವೈದ್ಯರಿಂದ ಬರೆಸಿಕೊಂಡು ಬೆಂಗಳೂರಿನಿಂದಲೇ ಒಯ್ಯಲು ಹೇಳಿದೆ. ಉಸಿರಾಟದಲ್ಲಿ ಏರುಪೇರು, ಮುಖ ಬಾತುಕೊಳ್ಳುವುದು, ಪದೇ ಪದೇ ವಾಂತಿ ಕಂಡರೆ ಬಣ್ಣವೋ ಬೇರೆಯೋ ಎಂಬ ವಿಚಾರಣೆ ಮಾಡುತ್ತ ಕೂರದೆ 108ಕ್ಕೆ ಕರೆ ಮಾಡಬೇಕು.

ತಾಯಿಗೆ ಪ್ರತ್ಯೇಕವಾಗಿ ಹೇಳಬೇಕಾದ ಮಾತೊಂದಿತ್ತು, ಅದನ್ನು ಅವರು ಸುಲಭವಾಗಿ ಒಪ್ಪಲಿಲ್ಲ. ರಜೆಯಲ್ಲಿ ಮಕ್ಕಳು ತಡರಾತ್ರಿಯವರೆಗೆ ಎಚ್ಚರವಿರುತ್ತಾರೆ, ಬಿಸಿಲಿನಲ್ಲಿ ಕುಣಿಯುತ್ತಾರೆ, ಅಣ್ಣ-ತಮ್ಮಂದಿರ ಗುಂಪು ಸೇರಿದಾಗ ಮನೆ ಎತ್ತಿ ಕೂರಿಸುತ್ತಾರೆ. ಪ್ರತಿ ಕಿರುಚಾಟಕ್ಕೂ "ಏನ್ ತಿಂದೆ?" ಎಂಬ ವಿಚಾರಣೆ ನಡೆದರೆ, ಸಿಟ್ಟು ಬಂದದ್ದಕ್ಕೂ ತಿಂದದ್ದೇ ಕಾರಣವೆಂದು ಮಗು ನಂಬತೊಡಗುತ್ತದೆ. ಗಂಧೆ ಎದ್ದರೆ ತಿಂದದ್ದನ್ನು ವಿಚಾರಿಸಿ, ಬರೀ ಗಲಾಟೆಯಾದರೆ ನಿದ್ದೆಯನ್ನು ವಿಚಾರಿಸಿ ಎಂದೆ. ಒಂದು ಸಣ್ಣ ಪುಸ್ತಕದಲ್ಲಿ ದಿನದ ತಿಂಡಿ, ಮಲಗಿದ ಹೊತ್ತು, ಗಂಧೆ ಇತ್ತೋ ಇಲ್ಲವೋ ಇಷ್ಟನ್ನು ಮಾತ್ರ ಬರೆಯಲು ಒಪ್ಪಿದರು. ಹುಡುಗನ ಜೊತೆಯಲ್ಲಿ ಮಾಡಿಕೊಂಡ ಒಪ್ಪಂದ ಇನ್ನೂ ಸರಳ: ತಿಂದರೆ ಹೇಳಬೇಕು, ಹೇಳಿದರೆ ಬೈಗುಳವಿಲ್ಲ. ಬೈಗುಳವಿಲ್ಲ ಎಂಬ ಭಾಗಕ್ಕೆ ತಾಯಿಯೂ ತಂದೆಯೂ ಅವನ ಎದುರಿಗೇ ಮಾತು ಕೊಟ್ಟರು.

ಶಾಲೆ ಆರಂಭವಾದ ಮೇಲೆ ದಂಪತಿ ಮತ್ತೆ ಬಂದರು. ಫೋನ್ ಕರೆಯಲ್ಲಿ ಅಜ್ಜಿ ಮೊದಲು ಮುನಿಸಿಕೊಂಡು, ಫೋಟೊ ನೋಡಿದ ಮೇಲೆ "ಇಷ್ಟಾಕೈತಿ ಅಂತ ಮೊದ್ಲ ಹೇಳಬೇಕಿಲ್ಲೇನೋ" ಎಂದು ಮಗನನ್ನೇ ಬೈದರಂತೆ. ಬ್ಯಾಡಗಿ ಮೆಣಸಿನಕಾಯಿಯ ಗೋಬಿಯನ್ನು ಅವರು ಓಣಿಯ ಮಕ್ಕಳಿಗೆಲ್ಲ ಮಾಡಿ ಬಡಿಸಿದ್ದರು. ಪುಸ್ತಕದಲ್ಲಿ ಗಂಧೆ ಎಂದು ಬರೆದ ಸಂಜೆಯೊಂದಿತ್ತು. ಉಡುಪಿಯಿಂದ ಮರಳುವ ದಾರಿಯಲ್ಲಿ, ಪರಿಚಯದವರ ಮನೆಯಲ್ಲಿ ಕೊಟ್ಟ ಹಳದಿ ಶರಬತ್ತನ್ನು ಹುಡುಗ ಅರ್ಧ ಲೋಟ ಕುಡಿದು, ಕಾರು ಹತ್ತಿದ ಕೂಡಲೇ ತಾನಾಗಿ ಹೇಳಿದ್ದ. ತಾಯಿ ಬೈಯಲಿಲ್ಲ, ಬೈಯದಿರಲು ಬಹಳ ಕಷ್ಟವಾಯಿತೆಂದು ನನ್ನ ಬಳಿ ಹೇಳಿದರು. ಔಷಧಿ ಜೊತೆಯಲ್ಲಿತ್ತು, ಬೆಳಿಗ್ಗೆಗೆ ಗಂಧೆ ಇಳಿದಿತ್ತು. ಕೆಲವು ಮಕ್ಕಳಲ್ಲಿ ವಯಸ್ಸಾದಂತೆ ಈ ಸೂಕ್ಷ್ಮತೆ ತಗ್ಗುವುದರಿಂದ, ಮುಂದಿನ ವರ್ಷ ವೈದ್ಯರ ಬಳಿ ಮತ್ತೊಮ್ಮೆ ಬಣ್ಣ ಕೊಟ್ಟು ನೋಡುವ ಪರೀಕ್ಷೆಯ ಬಗ್ಗೆ ಕೇಳುವಂತೆ ತಿಳಿಸಿದ್ದೇನೆ. ಸದ್ಯಕ್ಕೆ ತರಗತಿಯ ಹುಟ್ಟುಹಬ್ಬಗಳ ಕೇಕಿನ ವಿಚಾರ ಶಿಕ್ಷಕಿಯೊಂದಿಗೆ ಮಾತನಾಡಬೇಕಾಗಿದೆ. ಆ ಮಾತನ್ನೂ ತಂದೆಯೇ ಆಡುವುದಾಗಿ ಹೇಳಿದ್ದಾರೆ.